ನೈಟಿಂಗೇಲಳ ಲೆಕ್ಕದ ಪಟ್ಟಿ

ಫ್ಲಾರೆನ್ಸ್ ನೈಟಿಂಗೇಲಳ ಹೆಸರೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಮುಂದೆ ನಿಲ್ಲುವುದು ಆಕೆಯ ದೀಪ. ನನಗಾದರೋ ಆಕೆಯ ಲೆಕ್ಕದ ಪಟ್ಟಿಗಳೇ ಹೆಚ್ಚು ಪ್ರಿಯ. 1820ರಲ್ಲಿ ಸಿರಿವಂತ ಆಂಗ್ಲ ಮನೆತನದಲ್ಲಿ ಹುಟ್ಟಿ, ಮನೆಯವರ ಮುನಿಸನ್ನೂ ಗಣಿಸದೆ ದಾದಿಯಾದ ಆಕೆ, 1854ರಲ್ಲಿ 38 ಮಂದಿ ಸಂಗಾತಿಯರೊಡನೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಯನ್ನು ಹೊಕ್ಕಳು. ಆಕೆ ಹೋದ ಮೇಲೂ ಆ ಚಳಿಗಾಲವೆಲ್ಲ ಸಾವು ಏರುತ್ತಲೇ ಇದ್ದಿತು. ಮಕ್ಕಳ ಪಾಠಗಳು ಈ ಮಾತನ್ನು ಮರೆಸುವುದುಂಟು. 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ತೊಳೆಸಿದ ಬಳಿಕ ಅದು ಇಳಿಮುಖವಾಯಿತು. ಆಸ್ಪತ್ರೆಯೇ ಕೊಲ್ಲಬಲ್ಲುದೆಂಬ ಅರಿವು ಆಕೆಯನ್ನು ಮುಂದೆಂದೂ ಬಿಡಲಿಲ್ಲ.

ಶಸ್ತ್ರವೈದ್ಯನು ಕತ್ತಿಯನ್ನು ಕೆಳಗಿಟ್ಟೊಡನೆ ತನ್ನ ಕಾರ್ಯ ಮುಗಿಯಿತೆಂದುಕೊಳ್ಳಬಹುದು. ಆಮೇಲಿನ ಜ್ವರ, ಕೀವು, ನಂಜು, ಸಾವುಗಳನ್ನು ಹಾಸಿಗೆಯ ಬಳಿ ನಿಂತು ಕಾಣುವವಳು ದಾದಿ. ಆ ನೋಟಕ್ಕೆ ನೈಟಿಂಗೇಲಳು ಅಂಕಿಯ ಬಲ ಕೊಟ್ಟಳು. ಆಸ್ಪತ್ರೆಗಳನ್ನು ಕುರಿತ ತನ್ನ ಗ್ರಂಥದ 1863ರ ಪರಿಷ್ಕೃತ ಮುದ್ರಣದಲ್ಲಿ, ಪ್ರತಿಯೊಂದು ಶಸ್ತ್ರಕ್ರಿಯೆಗೂ ರೋಗಿಯ ವಯಸ್ಸು, ಕ್ರಿಯೆಯ ಬಗೆ, ತರುವಾಯದ ತೊಡಕು, ಮರಣದ ಕಾರಣ ಇವನ್ನು ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯಲ್ಲಿ ಬರೆದಿಡಬೇಕೆಂದು ವಾದಿಸಿದಳು. ಇದನ್ನೆಲ್ಲ ಬರೆಯುವಾಗ ಆಕೆಯೇ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ತೀರಿಕೊಂಡದ್ದು 1910ರಲ್ಲಿ, 90ರ ವಯಸ್ಸಿನಲ್ಲಿ.