ಮಹಮದ್ ಗವಾನ್

ಭಾಲ್ಕಿ, ಔರಾದ ಮೊದಲಾದ ಊರುಗಳಿಂದ ಬೀದರಿಗೆ ಬಂದವರು ಹಳೆಯ ನಗರವನ್ನು ಹೊಕ್ಕು ಕೋಟೆಯತ್ತ ನಡೆದರೆ, ಹಾದಿಯಲ್ಲಿ ಭಗ್ನವಾದ ಭವ್ಯಸೌಧವೊಂದನ್ನು ಕಾಣುತ್ತಾರೆ. ಮೂರು ಅಂತಸ್ತಿನ ಗೋಡೆಗಳು, ಉಳಿದಿರುವ ಒಂದೇ ಮಿನಾರು, ಅದರ ಮೇಲೆ ಇಂದಿಗೂ ಹೊಳೆಯುವ ಬಣ್ಣದ ಬಿಲ್ಲೆಗಳು ನೋಡುವವರನ್ನು ತಡೆದು ನಿಲ್ಲಿಸುತ್ತವೆ. ದೂರದ ಪರ್ಷಿಯಾದಿಂದ ಬಂದು, ಈ ನೆಲಕ್ಕೆ ತನ್ನ ಬಾಳನ್ನು ಮುಡಿಪಿಟ್ಟ ಮಹಮದ್ ಗವಾನನ ವಿದ್ಯಾಲಯವಿದು.

ಗವಾನನು ಸುಮಾರು 1411ರಲ್ಲಿ ಪರ್ಷಿಯಾದ ಗಿಲಾನ್ ಪ್ರಾಂತದಲ್ಲಿ ಜನಿಸಿದನು. ಸಿರಿವಂತ ಮನೆತನದವನಾದರೂ ಅಲ್ಲಿನ ರಾಜಕೀಯದಿಂದ ಬೇಸತ್ತು ವ್ಯಾಪಾರವನ್ನು ಕೈಗೊಂಡು, ದೇಶದೇಶಗಳನ್ನು ಸುತ್ತಿ, ಪಂಡಿತರ ಸಹವಾಸದಲ್ಲಿ ಜ್ಞಾನವನ್ನು ಗಳಿಸಿದನು. 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿಳಿದು ಬೀದರಿಗೆ ಬಂದನು. ಬಹಮನಿ ಸುಲ್ತಾನ ಎರಡನೆಯ ಅಲ್ಲಾವುದ್ದೀನನು ಅವನ ಯೋಗ್ಯತೆಯನ್ನರಿತು ತನ್ನ ಆಸ್ಥಾನದಲ್ಲಿಯೇ ಉಳಿಸಿಕೊಂಡನು.

ಆಗ ಬೀದರಿನಲ್ಲಿ ಪರ್ಷಿಯಾ, ಅರಬ್‌ಸ್ಥಾನ, ತುರ್ಕಿಸ್ತಾನಗಳಿಂದ ಬಂದು ನೆಲೆಸಿದ ಪಂಡಿತರು, ಯೋಧರು, ವರ್ತಕರು, ಕುಶಲಕರ್ಮಿಗಳು ಅನೇಕರಿದ್ದರು. ಇವರನ್ನು ಅಫಾಕಿಗಳೆಂದು ಕರೆಯುತ್ತಿದ್ದರು. ಮೊದಲಿನಿಂದಲೂ ಇಲ್ಲಿ ನೆಲೆಸಿದ್ದ ಮುಖಂಡರು ದಖ್ಖನಿಗಳೆನಿಸಿದ್ದರು. ಅಧಿಕಾರಕ್ಕಾಗಿ ಈ ಎರಡು ಪಕ್ಷಗಳ ನಡುವೆ ಬೆಳೆದ ವೈರವು ರಾಜ್ಯದ ಬುಡವನ್ನೇ ಕೊರೆಯುತ್ತಿತ್ತು.

1466ರಲ್ಲಿ ಗವಾನನು ಪ್ರಧಾನಮಂತ್ರಿಯಾದನು. ತಾನು ಅಫಾಕಿಯಾಗಿದ್ದರೂ ಅವನು ಸ್ವಪಕ್ಷವನ್ನು ಪೋಷಿಸಲಿಲ್ಲ; ಉನ್ನತ ಪದವಿಗಳನ್ನು ಉಭಯ ಪಕ್ಷಗಳಿಗೂ ಸಮನಾಗಿ ಹಂಚಿದನು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಪ್ರತಿಯೊಬ್ಬ ಪ್ರಾಂತಾಧಿಪತಿಯ ವಶದಲ್ಲಿ ಒಂದೇ ಕೋಟೆ ಇರಬೇಕೆಂದು ಕಟ್ಟಳೆ ಮಾಡಿದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. 1472ರಲ್ಲಿ ಗೋವೆಯನ್ನು ಗೆದ್ದು ರಾಜ್ಯವನ್ನು ವಿಸ್ತರಿಸಿದನು.

ಅದೇ ವರ್ಷ ಬೀದರಿನ ವಿದ್ಯಾಲಯವು ಪೂರ್ಣಗೊಂಡಿತು. ವಿದ್ಯಾರ್ಥಿಗಳಿಗೂ ಗುರುಗಳಿಗೂ ಅಲ್ಲಿಯೇ ವಸತಿಯಿತ್ತು. ಅದರ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಇಷ್ಟನ್ನು ಕಟ್ಟಿಸಿದ ಮಂತ್ರಿಯ ಸ್ವಂತ ಜೀವನ ಮಾತ್ರ ಸರಳವಾಗಿತ್ತು. ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಅನ್ನವನ್ನುಂಡು, ತನ್ನ ವ್ಯಾಪಾರದ ಲಾಭದಲ್ಲಿಯೇ ಅವನು ಜೀವಿಸುತ್ತಿದ್ದನೆಂದು ಹೇಳುತ್ತಾರೆ.

ಅಧಿಕಾರ ಮೊಟಕಾದ ಸರದಾರರು ಅವನ ಮೇಲೆ ಕತ್ತಿ ಮಸೆದರು. ಮುದ್ರೆಯನ್ನು ಕಾಯುತ್ತಿದ್ದವನಿಗೆ ಆಮಿಷವೊಡ್ಡಿ, ಬರಿಯ ಕಾಗದಕ್ಕೆ ಗವಾನನ ಮುದ್ರೆಯನ್ನು ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಅದರ ಮೇಲೆ ಬರೆದು, ಸುಲ್ತಾನ ಮೂರನೆಯ ಮಹಮ್ಮದನಿಗೆ ತೋರಿಸಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಣೆಯಿಲ್ಲದೆ ಮರಣದಂಡನೆ ವಿಧಿಸಿದನು. ಮುದ್ರೆ ತನ್ನದಾದರೂ ಬರಹ ತನ್ನದಲ್ಲವೆಂದು ಗವಾನನು ತಿಳಿಸಿದ್ದು ವ್ಯರ್ಥವಾಯಿತು. 1481ರ ಏಪ್ರಿಲ್ 5ರಂದು ಆ ವೃದ್ಧ ಮಂತ್ರಿಯ ಶಿರಚ್ಛೇದವಾಯಿತು.

ಅಪಾರ ಸಂಪತ್ತನ್ನು ನಿರೀಕ್ಷಿಸಿ ಅವನ ಬೊಕ್ಕಸವನ್ನು ತೆರೆಸಿದ ಸುಲ್ತಾನನಿಗೆ ದೊರೆತದ್ದು ಅತ್ಯಲ್ಪ. ಗಳಿಕೆಯೆಲ್ಲ ಬಡವರ ಪಾಲಾಗಿತ್ತು. ನಿಜವನ್ನರಿತ ಸುಲ್ತಾನನು ಪಶ್ಚಾತ್ತಾಪದಿಂದ ಕುಗ್ಗಿ, ಮರುವರ್ಷವೇ ಮಡಿದನು. ತಡೆಯುವವರಿಲ್ಲದೆ ಪಕ್ಷವೈರವು ಹೆಚ್ಚಿತು; ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯವು ಒಡೆದು ಐದು ರಾಜ್ಯಗಳಾದುವು.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ವಿದ್ಯಾಲಯದ ಒಂದು ಭಾಗವೂ ಉರುಳಿತು. ಆದರೂ ಉಳಿದ ಮಿನಾರು ಬೀದರಿನ ಹೆಗ್ಗುರುತಾಗಿ ನಿಂತಿದೆ. ಪರದೇಶಿಯೆಂದು ಬಂದವನು ಹೀಗೆ ಈ ನಾಡಿನವನೇ ಆಗಿ ಉಳಿದಿದ್ದಾನೆ.