ಬೆನಗಲ್ ನರಸಿಂಗರಾಯರು

ಭಾರತ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗರಾಯರು 1887ರ ಫೆಬ್ರವರಿ 26ರಂದು ದಕ್ಷಿಣ ಕನ್ನಡದಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನ ವಿದ್ಯಾರ್ಥಿಯಾಗಿ ಮದರಾಸು ಪ್ರಾಂತ್ಯಕ್ಕೇ ಮೊದಲಿಗರಾಗಿ ತೇರ್ಗಡೆ ಹೊಂದಿದ ಅವರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ ಐ.ಸಿ.ಎಸ್. ಸೇರಿದರು, ಮುಂದೆ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವೆ ಸಿಂಧೂ ನದಿಯ ನೀರಿನ ವಿವಾದವೆದ್ದಿತು. ಅದರ ವಿಚಾರಣೆಗೆ 1941ರಲ್ಲಿ ನೇಮಕವಾದ ಆಯೋಗಕ್ಕೆ ರಾಯರೇ ಅಧ್ಯಕ್ಷರು. ಭೀಮಾ ತೀರದ ಇಂಡಿ, ಸಿಂದಗಿಯವರಿಗೂ ಕೃಷ್ಣಾ ತೀರದ ಬಸವನಬಾಗೇವಾಡಿ, ಮುದ್ದೇಬಿಹಾಳದವರಿಗೂ ಇಂಥ ವಿವಾದದ ಬಿಸಿ ಹೊಸದಲ್ಲ. ನದಿಯು ಮೇಲಿನವರ ಸೊತ್ತೂ ಅಲ್ಲ, ಕೆಳಗಿನವರ ಸೊತ್ತೂ ಅಲ್ಲ, ನೀರು ನ್ಯಾಯೋಚಿತವಾಗಿ ಹಂಚಿಕೆಯಾಗಬೇಕು ಎಂಬುದೇ ಆಯೋಗದ ನಿಲುವು. ಬಲವುಳ್ಳವರೂ ನಿಯಮಕ್ಕೆ ತಲೆಬಾಗಬೇಕೆಂಬ ಈ ವಿಚಾರವನ್ನು ರಾಯರು ಮುಂದೆ ರಾಷ್ಟ್ರಗಳ ನಡುವಿನ ವ್ಯವಹಾರಕ್ಕೂ ಕೊಂಡೊಯ್ದರು.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಅವರು ರಚಿಸಿದ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಬರ್ಮಾದ ಸಂವಿಧಾನ ರಚನೆಗೂ ಅವರು ನೆರವಾದರು. ಅನಂತರ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. ಅಲ್ಲಿನ ಅಂತರರಾಷ್ಟ್ರೀಯ ಕಾನೂನು ಆಯೋಗದ ಸದಸ್ಯರಾಗಿ, ರಾಷ್ಟ್ರಗಳ ಹಕ್ಕು ಮತ್ತು ಕರ್ತವ್ಯಗಳನ್ನು ಕುರಿತ 1949ರ ಘೋಷಣೆಯ ಕರಡಿನಲ್ಲಿಯೂ ಪಾಲುಗೊಂಡರು.

ಆ ನಂಬಿಕೆಗೆ ಅಗ್ನಿಪರೀಕ್ಷೆ ಬೇಗನೆ ಬಂದಿತು. 1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ರಾಯರು. ವರ್ಷ ಕಳೆಯುವ ಮೊದಲೇ ಚೀನದ ಸೈನ್ಯವೂ ರಣರಂಗಕ್ಕಿಳಿಯಿತು. ಅಣುಬಾಂಬಿನ ಬಳಕೆಯೂ ತಮ್ಮ ಪರಿಶೀಲನೆಯಲ್ಲಿದೆಯೆಂದು ನವೆಂಬರ್ 30ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ನರು ತಿಳಿಸಿದಾಗ ಜಗತ್ತು ತಲ್ಲಣಿಸಿತು. ಹಿರೋಷಿಮಾ ಸುಟ್ಟು ಆಗ ಐದೇ ವರ್ಷ ಕಳೆದಿದ್ದವು. ರಷ್ಯದ ಬಳಿಯೂ ಬಾಂಬು ಬಂದಿತ್ತು. ಅದರ ಬಳಕೆಯನ್ನು ತಡೆಯುವ ಒಪ್ಪಂದವೊಂದೂ ಇರಲಿಲ್ಲ. ಅಣ್ವಸ್ತ್ರ ಪ್ರಸರಣವನ್ನು ತಡೆಯುವ ಒಪ್ಪಂದ ಸಿದ್ಧವಾದುದೇ 1968ರಲ್ಲಿ. ಆಗ ಉಳಿದಿದ್ದ ದಾರಿಯೆಂದರೆ ಯುದ್ಧವನ್ನೇ ನಿಲ್ಲಿಸುವುದು.

ರಾಯರು ಏಷ್ಯಾ ಮತ್ತು ಅರಬ್ಬೀ ರಾಷ್ಟ್ರಗಳನ್ನು ಒಂದುಗೂಡಿಸಿದರು. ಹದಿಮೂರು ರಾಷ್ಟ್ರಗಳ ಪರವಾಗಿ ಅವರು ಮಂಡಿಸಿದ ನಿರ್ಣಯವನ್ನು ಮಹಾಸಭೆಯು ಡಿಸೆಂಬರ್ 14ರಂದು ಅಂಗೀಕರಿಸಿತು. ಕದನವಿರಾಮದ ಮಾರ್ಗವನ್ನು ಹುಡುಕಲು ಇರಾನಿನ ಎಂತೆಜಾಮ್, ಕೆನಡದ ಪಿಯರ್ಸನ್ ಮತ್ತು ರಾಯರ ತ್ರಿಸದಸ್ಯ ಸಮಿತಿ ರಚಿತವಾಯಿತು. ನ್ಯೂಯಾರ್ಕಿಗೆ ಬಂದಿದ್ದ ಚೀನದ ಪ್ರತಿನಿಧಿಗಳೊಡನೆ ರಾಯರು ಸಂಧಾನದ ಮಾತನಾಡಿದರು. ಆದರೆ ಚೀನ ಒಪ್ಪಲಿಲ್ಲ. 1951ರ ಫೆಬ್ರವರಿ 1ರಂದು ಮಹಾಸಭೆಯು ಚೀನವನ್ನು ಆಕ್ರಮಣಕಾರಿಯೆಂದು ಘೋಷಿಸಿತು. ಸಂಧಾನದ ಬಾಗಿಲು ಮುಚ್ಚಬಾರದೆಂದು ಭಾರತ ಅದರ ವಿರುದ್ಧ ಮತ ನೀಡಿತು. ಇದನ್ನು ದೌರ್ಬಲ್ಯವೆಂದವರೂ ಇದ್ದರು. ಗೆಲ್ಲುವ ಪಕ್ಷವನ್ನು ಸೇರುವುದಕ್ಕಿಂತ ಹೆಚ್ಚಿನ ಧೈರ್ಯ ಅದಕ್ಕೆ ಬೇಕಾಗಿತ್ತೆಂಬುದು ಅವರಿಗೆ ತೋಚಲಿಲ್ಲ.

1952ರಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಷ್ಟರಲ್ಲಿ ದೇಹ ಬಳಲಿತ್ತು. 1953ರ ಜುಲೈ 27ರಂದು ಕೊರಿಯಾದ ಕದನವಿರಾಮಕ್ಕೆ ಸಹಿ ಬಿದ್ದಿತು, ಅಣುಬಾಂಬು ಬೀಳಲಿಲ್ಲ. ನಾಲ್ಕು ತಿಂಗಳ ಬಳಿಕ, ನವೆಂಬರ್ 30ರಂದು, ರಾಯರು ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರದಲ್ಲಿ ನಿಧನರಾದರು.