ಕಾಲಿಗೆ ಕವಚ ಕಟ್ಟಿದ ಧೀರ — ರೋಜರ್ ಬ್ರೆಸ್ನಹಾನ್

ನಮ್ಮವರಿಗೆ ಕ್ರಿಕೆಟ್ ಹೇಗೋ ಅಮೇರಿಕೆಯವರಿಗೆ ಬೇಸ್‌ಬಾಲ್ ಹಾಗೆ. ಆ ಆಟದಲ್ಲಿ ದಾಂಡಿಗನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪಿಚರನು ಬಿರುಸಿನಿಂದ ಎಸೆದ ಚೆಂಡನ್ನು ಹಿಡಿಯುವವನೇ ಕ್ಯಾಚರ್. ನಮ್ಮ ವಿಕೆಟ್ ಕೀಪರನ ಕೆಲಸವೇ ಎನ್ನಬಹುದು. ಆದರೆ ಈತನಿಗೆ ತಗಲುವ ಪೆಟ್ಟುಗಳು ಬಹಳ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಸ್ಥಾನಕ್ಕೆ ಕೀರ್ತಿ ತಂದವರಲ್ಲಿ ರೋಜರ್ ಬ್ರೆಸ್ನಹಾನನು ಪ್ರಮುಖನು.

ಈತನು 1879ರ ಜೂನ್ 11ರಂದು ಒಹಾಯೋ ಸಂಸ್ಥಾನದ ಟೊಲೀಡೊ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಐರ್ಲೆಂಡಿನಿಂದ ಬದುಕನ್ನರಸಿ ಬಂದವರು. 1897ರಲ್ಲಿ, 18ರ ಹರೆಯದಲ್ಲಿ, ವಾಷಿಂಗ್‌ಟನ್ ತಂಡದ ಪಿಚರನಾಗಿ ಕಣಕ್ಕಿಳಿದು ಮೊದಲ ಪಂದ್ಯದಲ್ಲಿಯೇ ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡದೆ ಜಯ ಗಳಿಸಿದನು. 1901ರಲ್ಲಿ ಬಾಲ್ಟಿಮೋರ್ ತಂಡದಲ್ಲಿ ಜಾನ್ ಮೆಗ್ರಾ ಎಂಬ ಖ್ಯಾತ ನಾಯಕನ ಕೈಕೆಳಗೆ ಸೇರಿ, ಮರುವರ್ಷ ಆತನೊಡನೆಯೇ ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೆ ಬಂದನು. 1905ರ ವಿಶ್ವ ಸರಣಿಯಲ್ಲಿ ಜಯಂಟ್ಸ್ ತಂಡವು ಫಿಲಡೆಲ್ಫಿಯಾವನ್ನು ಸೋಲಿಸಿತು. ಗೆದ್ದ ನಾಲ್ಕು ಪಂದ್ಯಗಳಲ್ಲಿಯೂ ಎದುರಾಳಿಗೆ ಒಂದು ರನ್ನೂ ದೊರೆಯಲಿಲ್ಲ. ಆ ನಾಲ್ಕರಲ್ಲಿಯೂ ಕ್ಯಾಚರನಾಗಿದ್ದವನು ಬ್ರೆಸ್ನಹಾನನೇ.

ಮುಖಕ್ಕೂ ಎದೆಗೂ ರಕ್ಷೆ ಧರಿಸುವ ಪದ್ಧತಿ ಅದಾಗಲೇ ಇದ್ದಿತು. ಕಾಲುಗಳಿಗೆ ಮಾತ್ರ ಹಾಗೆ ಎದ್ದುಕಾಣುವ ರಕ್ಷೆ ರೂಢಿಯಲ್ಲಿರಲಿಲ್ಲ. 1907ರ ಏಪ್ರಿಲ್ ತಿಂಗಳಲ್ಲಿ ಋತುವಿನ ಮೊದಲ ಪಂದ್ಯಕ್ಕೆ ಈತನು ಕ್ರಿಕೆಟ್ ಪ್ಯಾಡುಗಳ ಮಾದರಿಯ ಕಾಲುರಕ್ಷೆ ಕಟ್ಟಿಕೊಂಡು ಬಂದನು. ಪ್ರೇಕ್ಷಕರು ಗೇಲಿ ಮಾಡಿದರು; ಎದುರಾಳಿ ತಂಡದವರು ಆಕ್ಷೇಪವೆತ್ತಿದರು. ಈತನು ಅದನ್ನು ಬಿಚ್ಚಲಿಲ್ಲ. ಕೆಲವೇ ವರ್ಷಗಳಲ್ಲಿ ಉಳಿದ ಕ್ಯಾಚರುಗಳೂ ಅದನ್ನು ಧರಿಸತೊಡಗಿದರು.

ಅದೇ ವರ್ಷದ ಜೂನ್‌ನಲ್ಲಿ, ದಾಂಡು ಹಿಡಿದು ನಿಂತಿದ್ದಾಗ ಚೆಂಡು ತಲೆಗೆ ಬಡಿದು ಈತನು ಪ್ರಜ್ಞೆ ತಪ್ಪಿ ಬಿದ್ದನು. ಆಸ್ಪತ್ರೆಯಿಂದ ಹೊರಬಂದ ಮೇಲೆ ತಲೆಗೂ ರಕ್ಷೆ ಬೇಕೆಂದು ಚರ್ಮದ ಶಿರಸ್ತ್ರಾಣವನ್ನು ಪರೀಕ್ಷಿಸಿ ನೋಡಿದನು. ಅದನ್ನು ಉಳಿದವರು ಅನುಸರಿಸಲಿಲ್ಲ. 1920ರಲ್ಲಿ ಕ್ಲೀವ್‌ಲೆಂಡ್ ತಂಡದ ರೇ ಚಾಪ್ಮನ್ ಎಂಬ ಆಟಗಾರನು ಅಂಥದೇ ಏಟಿನಿಂದ ಪ್ರಾಣವನ್ನೇ ಕಳೆದುಕೊಂಡನು. ಆ ಬಳಿಕವೂ ಶಿರಸ್ತ್ರಾಣವು ಕಡ್ಡಾಯವಾಗಲು ದಶಕಗಳೇ ಹಿಡಿದವು.

1909ರಿಂದ 1912ರವರೆಗೆ ಸೈಂಟ್ ಲೂಯಿ ತಂಡಕ್ಕೂ 1915ರಲ್ಲಿ ಶಿಕಾಗೋ ತಂಡಕ್ಕೂ ಆಡುತ್ತಲೇ ಮುಖ್ಯಸ್ಥನಾಗಿದ್ದು, ಬಳಿಕ ಈತನು ಹುಟ್ಟೂರಿನ ತಂಡವೊಂದನ್ನು ಕೊಂಡು ನಡೆಸಿದನು. 1929ರ ಷೇರು ಪೇಟೆಯ ಕುಸಿತದಲ್ಲಿ ಗಳಿಸಿದ್ದನ್ನು ಕಳೆದುಕೊಂಡಾಗ ಕಾವಲುಗಾರನ ಕೆಲಸಕ್ಕೂ ನಾಚಲಿಲ್ಲ. 1944ರ ಡಿಸೆಂಬರ್ 4ರಂದು ಟೊಲೀಡೊದಲ್ಲಿಯೇ ನಿಧನನಾದನು. ಬೇಸ್‌ಬಾಲ್ ಕೀರ್ತಿಶಾಲಿಗಳ ಪಟ್ಟಿಗೆ ಈತನ ಹೆಸರು ಸೇರಿದುದು ಮರುವರ್ಷ. ಆ ಗೌರವವನ್ನು ಕಣ್ಣಾರೆ ಕಾಣುವ ಭಾಗ್ಯ ಈತನಿಗಿರಲಿಲ್ಲ.

ಕೈಕಾಲುಗಳ ಬಲದಿಂದಲೇ ಅನ್ನ ಸಂಪಾದಿಸುವವನಿಗೆ ಅವುಗಳೇ ಮೂಲಧನ. ಅವನ್ನು ಕಾಪಾಡಿಕೊಳ್ಳುವುದು ಹೇಡಿತನವಲ್ಲವೆಂದು ಸಾವಿರಾರು ಜನರ ನಗೆಯ ನಡುವೆ ನಿಂತು ತೋರಿಸಿದ ಬ್ರೆಸ್ನಹಾನನನ್ನು ಆಟಗಾರರು ಮಾತ್ರವಲ್ಲ, ದುಡಿಯುವವರೆಲ್ಲರೂ ನೆನೆಯಬೇಕು.